ವೀಸಾ ಎಂದರೆ ನೆಲೆಯಲ್ಲ: ವಿದೇಶವಾಸದ ಕೆಲವು ತಪ್ಪು ಕಲ್ಪನೆಗಳು

ವಿದೇಶದಲ್ಲಿ ಹೊಸ ಬದುಕು ಕಟ್ಟಿಕೊಳ್ಳಬೇಕೇ ಎಂಬ ಪ್ರಶ್ನೆಯನ್ನು ಕುಟುಂಬಗಳು ಸಾಮಾನ್ಯವಾಗಿ ಸಂಬಳ, ಮಕ್ಕಳ ಓದು, ವಯಸ್ಸಾದ ತಂದೆತಾಯಿಗಳ ಆರೈಕೆ ಇವುಗಳನ್ನು ಮುಂದಿಟ್ಟುಕೊಂಡು ತೂಗಿ ನೋಡುತ್ತವೆ. ಆದರೆ ಆ ದೇಶದಲ್ಲಿ ಉಳಿಯಲು ದೊರೆಯುವ ಹಕ್ಕು ಯಾವ ಬಗೆಯದೆಂದು ತಿಳಿಯದಿದ್ದರೆ ಉಳಿದ ಲೆಕ್ಕಗಳೆಲ್ಲ ತಲೆಕೆಳಗಾಗುತ್ತವೆ. ಗೊತ್ತಾದ ಉದ್ದೇಶಕ್ಕೆ, ಗೊತ್ತಾದ ಅವಧಿಗೆ ದೊರೆಯುವ ಅನುಮತಿಯಾದ ವೀಸಾ, ಕಾಯಂ ವಾಸದ ಹಕ್ಕು, ಪೌರತ್ವ ಇವು ಮೂರೂ ಬೇರೆ ಬೇರೆ ಸ್ಥಿತಿಗಳಾಗಿದ್ದರೂ, ಮೊದಲನೆಯದು ಕೈಗೆ ಬಂದರೆ ಉಳಿದೆರಡು ತಾವಾಗಿಯೇ ಹಿಂಬಾಲಿಸುತ್ತವೆಂಬ ಭಾವನೆ ವ್ಯಾಪಕವಾಗಿದೆ.

ಅಮೆರಿಕದ ಎಚ್-1ಬಿ ವೀಸಾ ದೊರೆತವರು ಅಲ್ಲಿ ನೆಲೆ ನಿಂತಂತೆಯೇ ಎಂಬ ನಂಬಿಕೆ ಇದಕ್ಕೆ ಎದ್ದು ಕಾಣುವ ನಿದರ್ಶನ. ಈ ವೀಸಾಕ್ಕೆ ಅರ್ಜಿ ಸಲ್ಲಿಸುವುದು ಉದ್ಯೋಗ ಕೊಡುವ ಸಂಸ್ಥೆಯೇ ಹೊರತು ನೌಕರನಲ್ಲ. ಸಾಮಾನ್ಯವಾಗಿ ಒಟ್ಟು 6 ವರ್ಷಗಳ ಮಿತಿಯುಳ್ಳ ಇದರಲ್ಲಿ, ಕೆಲಸ ಹೋದರೆ ಮುಂದಿನ ದಾರಿ ಹುಡುಕಿಕೊಳ್ಳಲು ಸಿಗುವುದು ಹೆಚ್ಚೆಂದರೆ 60 ದಿನ. ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಹಕ್ಕಿನ ಲೆಕ್ಕ ಬೇರೆಯೇ ಆಗಿದೆ: ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಮಂದಿಗೆ, ಅದೂ ಪತಿ, ಪತ್ನಿ, ಮಕ್ಕಳನ್ನು ಸೇರಿಸಿ ಎಣಿಸಿ ಅದನ್ನು ನೀಡಲಾಗುತ್ತದೆ ಮತ್ತು ಒಂದು ದೇಶದವರಿಗೆ ಸಾಮಾನ್ಯವಾಗಿ ಶೇ. 7ರ ಮಿತಿಯಿದೆ. ಇಲ್ಲಿ ಪರಿಗಣಿಸುವುದು ಪೌರತ್ವವನ್ನಲ್ಲ, ಹುಟ್ಟಿದ ದೇಶವನ್ನು. ಹಾಗಾಗಿ ಧಾರವಾಡದಲ್ಲಿ ಹುಟ್ಟಿ ಕೆನಡಾದ ಪೌರನಾದವನೂ ಸಾಮಾನ್ಯವಾಗಿ ಭಾರತದ ಸರದಿಯಲ್ಲೇ ನಿಲ್ಲಬೇಕು. ಆ ಸರದಿ ಎಷ್ಟು ಉದ್ದವೆಂದರೆ, ಸ್ನಾತಕೋತ್ತರ ಪದವೀಧರರು ಹೆಚ್ಚಾಗಿರುವ ಎರಡನೆಯ ವರ್ಗದಲ್ಲಿ 2025ರಲ್ಲಿ ಪಾಳಿ ಬಂದದ್ದು 2013ರ ಆಸುಪಾಸಿನಲ್ಲಿ ಹೆಸರು ದಾಖಲಾದವರಿಗೆ. ಅಷ್ಟರೊಳಗೆ ಅಲ್ಲಿಯೇ ಶಾಲೆ ಕಲಿತ ಮಗುವಿಗೆ 21 ವರ್ಷ ತುಂಬಿದರೆ ತಂದೆತಾಯಿಗಳ ವೀಸಾದ ಆಶ್ರಯ ಕೊನೆಗೊಳ್ಳುತ್ತದೆ. ಭಾರತದಲ್ಲಿ ಹುಟ್ಟಿದ ಮಗುವಿರುವ ದಂಪತಿಗಳಿಗೆ ಸಂಬಳದ ಮೊತ್ತಕ್ಕಿಂತ ಮಗುವಿನ ವಯಸ್ಸೇ ಮುಖ್ಯವಾಗಬೇಕಾದುದು ಈ ಕಾರಣಕ್ಕೆ.

ಕೊಲ್ಲಿ ರಾಷ್ಟ್ರಗಳ ವಿಷಯದಲ್ಲಿ ಕರಾವಳಿಯ ಕುಟುಂಬಗಳಿಗೆ ಇಂತಹ ಭ್ರಮೆ ಕಡಿಮೆ; ಎಷ್ಟು ದಶಕ ದುಡಿದರೂ ಸಾಮಾನ್ಯ ನೌಕರರಿಗೆ ಅಲ್ಲಿ ಪೌರತ್ವ ದೊರೆಯುವುದು ತೀರಾ ವಿರಳವೆಂದು ಅವು ಅನುಭವದಿಂದ ಬಲ್ಲವು. ಆದರೆ ವಿಸಿಟ್ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರಬಹುದೆಂಬ ಏಜೆಂಟರ ಮಾತು ಅಪಾಯಕಾರಿ, ಏಕೆಂದರೆ ಆ ವೀಸಾದಲ್ಲಿ ದುಡಿಯುವುದು ಅಲ್ಲಿನ ಕಾನೂನಿಗೆ ವಿರುದ್ಧವಾದುದಲ್ಲದೆ, ಹತ್ತನೆಯ ತರಗತಿ ಮುಗಿಸದವರಿಗೆ ಭಾರತದ 1983ರ ವಲಸೆ ಕಾಯ್ದೆ ಒದಗಿಸುವ ರಕ್ಷಣೆಯನ್ನೂ ಅದು ತಪ್ಪಿಸುತ್ತದೆ.

ಇನ್ನು ಒಸಿಐ ಕಾರ್ಡ್, ಅಂದರೆ ಸಾಗರೋತ್ತರ ಭಾರತೀಯ ಪೌರ ಎಂಬ ಗುರುತುಚೀಟಿಯನ್ನು ಹೆಸರಿನ ಕಾರಣದಿಂದಲೇ ಅನೇಕರು ದ್ವಿಪೌರತ್ವವೆಂದು ತಿಳಿಯುತ್ತಾರೆ. 1955ರ ಪೌರತ್ವ ಕಾಯ್ದೆಯ 9ನೆಯ ಸೆಕ್ಷನ್ ಪ್ರಕಾರ ಸ್ವಇಚ್ಛೆಯಿಂದ ಅನ್ಯದೇಶದ ಪೌರತ್ವ ಪಡೆದೊಡನೆ ಭಾರತದ ಪೌರತ್ವ ಕಳೆದುಹೋಗುತ್ತದೆ. ಕಾರ್ಡ್ ಇರುವವರು ಜೀವನಪೂರ್ತಿ ವೀಸಾ ಇಲ್ಲದೆ ಬಂದುಹೋಗಬಹುದು, ಮತ ಹಾಕುವಂತಿಲ್ಲ. ಜಮೀನಿನ ವಿಷಯದಲ್ಲಿ ನಿಯಮ ಇನ್ನಷ್ಟು ಸೂಕ್ಷ್ಮವಾಗಿದ್ದು, ಪೌರತ್ವ ಉಳಿಸಿಕೊಂಡ ಅನಿವಾಸಿಗಳಿಗೂ ಅದು ಅನ್ವಯಿಸುತ್ತದೆ: ಕೃಷಿಭೂಮಿಯನ್ನಾಗಲಿ ತೋಟವನ್ನಾಗಲಿ ಅವರು ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ, ಆದರೆ ಉತ್ತರಾಧಿಕಾರದಿಂದ ಪಡೆಯಬಹುದು, ಹೀಗಾಗಿ ಶಿರಸಿಯ ಅಡಿಕೆ ತೋಟವನ್ನು ತಂದೆ ಬದುಕಿರುವಾಗ ದಾನಪತ್ರದ ಮೂಲಕ ವಿದೇಶವಾಸಿ ಮಗಳಿಗೆ ಕೊಡಲು ಆಗದಿದ್ದರೂ, ಆತನ ಕಾಲಾನಂತರ ಅದೇ ತೋಟ ಆಕೆಗೆ ಸಲ್ಲಬಹುದು.