ಅಜ್ಜಿ ಕೇಳಿದ ಪ್ರಶ್ನೆ: ಇನ್ಸುಲಿನ್ ಎಲ್ಲಿಂದ ಬರುತ್ತೆ?

ಹೋದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಟೇಕಲ್‌ಗೆ ಹೋಗಿದ್ವಿ. ನಮ್ಮ ಗೆಳೆಯನ ಊರು ಅದು. ಬೆಂಗಳೂರಿಂದ ಬಂಗಾರಪೇಟೆ ಕಡೆ ಹೋಗೋ ರೈಲಿನಲ್ಲಿ ಮಾಲೂರು ದಾಟಿದ ಮೇಲೆ ಸಿಗುತ್ತೆ.

ಊಟಕ್ಕೆ ಕೂತಾಗ ಗೊತ್ತಾಯ್ತು, ಅವನ ಅಜ್ಜಿ ಎರಡು ದಿನದಿಂದ ಇನ್ಸುಲಿನ್ ಸೂಜಿ ಬೇಡ ಅಂತಿದ್ದಾರೆ. "ಅದು ಹಂದಿಯಿಂದ ತೆಗೆಯೋ ಔಷಧಿ" ಅಂತ ಯಾರೋ ಹೇಳಿದ್ರಂತೆ. "ನೀವೆಲ್ಲ ಇಂಜಿನಿಯರಿಂಗ್ ಓದೋರಲ್ವೇನಪ್ಪಾ, ನಿಜಾನಾ ಸುಳ್ಳಾ ಹೇಳಿ" ಅಂದ್ರು. ನಾವು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಬಾಟಲಿ ತಿರುಗಿಸಿ ನೋಡಿದ್ರೆ 'ಆರ್‌ಡಿಎನ್‌ಎ ಒರಿಜಿನ್' ಅಂತ ಇತ್ತು. ಅದರ ಅರ್ಥ ನಮಗೂ ಸರಿಯಾಗಿ ಗೊತ್ತಿರಲಿಲ್ಲ. ಅವತ್ತು ಫೋನಿನಲ್ಲಿ ಹುಡುಕಿ ಹೇಳಿದ್ದು ಅರ್ಧ. ವಾಪಸ್ ಬಂದು ಬಯೋಟೆಕ್ ಸೀನಿಯರ್ಸ್ ಹತ್ತಿರ ಕೂತು ಕಲಿತದ್ದು ಇಲ್ಲಿದೆ.

ಮೊದಲಿಗೆ, ಅಜ್ಜಿ ಕೇಳಿದ್ದು ಪೂರ್ತಿ ಸುಳ್ಳಲ್ಲ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದ ಮೇಲೆ ಸುಮಾರು ಅರವತ್ತು ವರ್ಷ ಅದು ಬರುತ್ತಿದ್ದದ್ದು ಹಂದಿ ಮತ್ತು ದನದ ಮೇದೋಜ್ಜೀರಕ ಗ್ರಂಥಿಯಿಂದಲೇ. ಆದರೆ ಅದರಲ್ಲಿ ಒಂದು ತೊಂದರೆ ಇತ್ತು. ಇನ್ಸುಲಿನ್ ಒಂದು ಪುಟ್ಟ ಪ್ರೋಟೀನ್: 21 ಅಮೈನೋ ಆಮ್ಲಗಳ ಒಂದು ಸರ, 30ರ ಇನ್ನೊಂದು, ಒಟ್ಟು 51. ನಮ್ಮ ಇನ್ಸುಲಿನ್‌ಗೂ ಹಂದಿಯದಕ್ಕೂ ಒಂದೇ ಅಮೈನೋ ಆಮ್ಲ ವ್ಯತ್ಯಾಸ, ದನದ್ದಕ್ಕೆ ಮೂರು. ಇಷ್ಟು ಸಣ್ಣ ವ್ಯತ್ಯಾಸವನ್ನೂ ನಮ್ಮ ರೋಗನಿರೋಧಕ ವ್ಯವಸ್ಥೆ ಹಿಡಿಯಬಲ್ಲದು. ಎಷ್ಟೋ ಜನರಲ್ಲಿ ಪ್ರತಿಕಾಯಗಳು ಹುಟ್ಟುತ್ತಿದ್ದವು, ಕೆಲವರಿಗೆ ಅಲರ್ಜಿ ಆಗುತ್ತಿತ್ತು.

ಇದಕ್ಕೆ ಸಿಕ್ಕ ಉತ್ತರವೇ ರೀಕಾಂಬಿನೆಂಟ್ ಪ್ರೋಟೀನ್. ಮನುಷ್ಯನ ಇನ್ಸುಲಿನ್ ಹೇಗಿರಬೇಕು ಅನ್ನೋ ಸೂಚನೆ ಇರುವುದು ಜೀನ್‌ನಲ್ಲಿ. ಆ ಸೂಚನೆಯನ್ನು ಒಂದು ಸೂಕ್ಷ್ಮಜೀವಿಯ ಡಿಎನ್‌ಎ ಒಳಗೆ ಸೇರಿಸಿದ್ರೆ, ಅದು ತನ್ನ ಪ್ರೋಟೀನ್‌ಗಳ ಜೊತೆ ನಮ್ಮದನ್ನೂ ಮಾಡಿಕೊಡುತ್ತೆ. 1978ರಲ್ಲಿ ಅಮೆರಿಕದಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದಿಂದ ಹೀಗೆ ಮಾಡಿ ತೋರಿಸಿದ್ರು. 1982ರಲ್ಲಿ ಅದು ಔಷಧಿಯಾಗಿ ಒಪ್ಪಿಗೆ ಪಡೆಯಿತು.

ನಮ್ಮ ಬೆಂಗಳೂರಿನ ಬಯೋಕಾನ್ ಬೇರೆ ದಾರಿ ಹಿಡಿಯಿತು. 2004ರಲ್ಲಿ ಬಂದ ಅವರ ಇನ್ಸುಜೆನ್ ತಯಾರಾಗಿದ್ದು ಪಿಚಿಯಾ ಪಾಸ್ಟೊರಿಸ್ ಅನ್ನೋ ಯೀಸ್ಟ್‌ನಲ್ಲಿ. ಬೇಕರಿಯಲ್ಲಿ ಬನ್ನು ಉಬ್ಬಿಸುವ ಯೀಸ್ಟ್‌ಗೆ ಇದು ದೂರದ ನೆಂಟ. ಯೀಸ್ಟ್ ಯಾಕೆ? ಪ್ರೋಟೀನ್ ಸರ ತಯಾರಾದರೆ ಸಾಲದು, ಅದು ಸರಿಯಾಗಿ ಮಡಚಿಕೊಳ್ಳಬೇಕು. ಇನ್ಸುಲಿನ್‌ನಲ್ಲಿ ಮೂರು ಗಂಧಕದ ಕೊಂಡಿಗಳು ಸರಿಯಾದ ಜಾಗದಲ್ಲೇ ಬೀಳಬೇಕು. ಇ. ಕೋಲಿ ಒಳಗೆ ಅದು ಹೆಚ್ಚಾಗಿ ಗಂಟುಗಂಟಾಗಿ ಸೇರಿಕೊಳ್ಳುತ್ತೆ. ಆಮೇಲೆ ಕರಗಿಸಿ ಮತ್ತೆ ಮಡಚಿಸಬೇಕು. ಯೀಸ್ಟ್ ಆದರೆ ಮಡಚಿದ ಪ್ರೋಟೀನನ್ನೇ ಹೊರಗಿನ ದ್ರವಕ್ಕೆ ಬಿಡುತ್ತೆ. ಮುಂದೆ ಕಿಣ್ವದಿಂದ ಬೇಡದ ತುಂಡು ಕತ್ತರಿಸಿ, ಶುದ್ಧ ಮಾಡಿ, ಬಾಟಲಿಗೆ ತುಂಬೋದು. ಯೀಸ್ಟ್ ಬೆಳೆಸೋ ಟ್ಯಾಂಕಿನ ಉಷ್ಣತೆ, ಆಮ್ಲಜನಕ, ಪಿಎಚ್ ಹಿಡಿತದಲ್ಲಿಡೋದು ಮಾತ್ರ ಪಕ್ಕಾ ಇಂಜಿನಿಯರಿಂಗ್ ಕೆಲಸ. ನಾವು ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಓದೋ ಫೀಡ್‌ಬ್ಯಾಕ್ ಅಲ್ಲಿದೆ.

ಇದೇ ವಿಧಾನದಲ್ಲಿ ಹೆಪಟೈಟಿಸ್ ಬಿ ಲಸಿಕೆ ಬರುತ್ತೆ. ಲ್ಯಾಬ್‌ಗಳಲ್ಲಿ ರೋಗನಿರೋಧಕ ಶಕ್ತಿಯನ್ನು ಅಭ್ಯಾಸ ಮಾಡೋಕೆ ಬೇಕಾದ ಇಂಟರ್‌ಲ್ಯೂಕಿನ್, ಹಸಿವಿನ ಬಗ್ಗೆ ತಿಳಿಯೋಕೆ ಲೆಪ್ಟಿನ್, ಇವನ್ನೂ ಹೀಗೇ ಮಾಡ್ತಾರೆ.

ಮನೆಯಲ್ಲಿ ಇನ್ಸುಲಿನ್ ಇರೋರಿಗೆ ಒಂದು ಮಾತು. ಮಡಿಕೆ ಕೆಟ್ಟರೆ ಪ್ರೋಟೀನ್ ಕೆಲಸ ಮಾಡಲ್ಲ, ಹಾಗಾಗಿ ಬಿಸಿಲೂ ಆಗದು, ಫ್ರೀಜರ್ರೂ ಆಗದು. ಒಡೆಯದ ಬಾಟಲಿ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಬಳಸಲೇಬೇಡಿ. ಡಾಕ್ಟರನ್ನು ಕೇಳದೆ ಸೂಜಿ ನಿಲ್ಲಿಸಲೂಬೇಡಿ.

ಅವತ್ತು ಅಜ್ಜಿಗೆ ನಾವು ಹೇಳಿದ್ದು ಇಷ್ಟೇ: "ಹಂದಿಯಿಂದ ಅಲ್ಲ ಅಜ್ಜಿ, ಇದು ಬನ್ನು ಉಬ್ಬಿಸೋ ಥರದ ಯೀಸ್ಟ್‌ನಿಂದ ಮಾಡಿದ್ದು." ಬಾಟಲಿ ಕೈಗೆ ತಗೊಂಡು ಸ್ವಲ್ಪ ಹೊತ್ತು ನೋಡಿದ್ರು. "ಇದನ್ನ ಮೊದಲೇ ಯಾರಾದ್ರೂ ಹೇಳಬಾರದಿತ್ತಾ" ಅಂತ ಬೈದು, ರಾತ್ರಿ ಊಟಕ್ಕೆ ಮುಂಚೆ ಸೂಜಿ ಹಾಕಿಸ್ಕೊಂಡ್ರು.