ಆರಿದ ದೀಪದ ಪಾಠ

ಉರಿಯುವುದಕ್ಕೆ ಗಾಳಿ ಬೇಕೆಂಬುದನ್ನು ಎಳೆಯ ಮಕ್ಕಳು ಬಾಯಿಪಾಠ ಮಾಡಬಲ್ಲರು; ಆದರೆ ಅದು ಕಣ್ಣಾರೆ ಕಂಡ ಅರಿವಿಗೆ ಸಮನಾಗದು. ತರಗತಿಯಲ್ಲಿ ಒಂದೇ ಅಳತೆಯ ಎರಡು ಮೇಣದ ಬತ್ತಿಗಳನ್ನು ಹಚ್ಚಿ, ಒಂದರ ಮೇಲೆ ಸಣ್ಣ ಗಾಜಿನ ಲೋಟವನ್ನೂ ಇನ್ನೊಂದರ ಮೇಲೆ ದೊಡ್ಡ ಗಾಜಿನ ಜಾಡಿಯನ್ನೂ ಉಪಾಧ್ಯಾಯರು ಬೋರಲು ಹಾಕಿದರೆ, ಲೋಟದೊಳಗಿನ ದೀಪ ಮೊದಲು ಆರುತ್ತದೆ. ಏಕೆ? ಜಾಡಿಯಲ್ಲಿ ಗಾಳಿ ಹೆಚ್ಚು. ಆದ್ದರಿಂದ ಆಮ್ಲಜನಕವೂ ಹೆಚ್ಚು. ಈ ಉತ್ತರವನ್ನು ಮಕ್ಕಳೇ ಯೋಚಿಸಿ ಕಂಡುಕೊಳ್ಳಬೇಕು.

ರಾಬರ್ಟ್‌ಸನ್‌ಪೇಟೆಯ ಮಕ್ಕಳಿಗೆ ಈ ಪ್ರಯೋಗ ಇನ್ನೂ ಹತ್ತಿರವಾದುದು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ ಅವರಲ್ಲಿ ಅನೇಕರ ಹಿರಿಯರು ದುಡಿದಿದ್ದರು. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು. ಅಲ್ಲಿಗೆ ಹೊಸ ಗಾಳಿಯನ್ನು ಯಂತ್ರಗಳಿಂದ ಹಾಯಿಸದೆ ಕೆಲಸ ಸಾಧ್ಯವಿರಲಿಲ್ಲ. ಲೋಟದೊಳಗೆ ಆರಿದ ಪುಟ್ಟ ದೀಪವು ಮಗುವಿಗೆ ವಿಜ್ಞಾನದೊಡನೆ ತಾತನ ದುಡಿಮೆಯ ಬೆಲೆಯನ್ನೂ ತಿಳಿಸುತ್ತದೆ.