ಪರರ ದೇಹದಲ್ಲಿ ಹತ್ತು ನಿಮಿಷ

ಕಳೆದ ದೀಪಾವಳಿಗೆ ಮನೆಗೆ ಬಂದಿದ್ದ ಮೊಮ್ಮಗ ದಪ್ಪ ಕನ್ನಡಕದಂಥ ಸಾಧನವೊಂದನ್ನು ನನ್ನ ಕಣ್ಣಿಗೆ ಕಟ್ಟಿ, ‘ತಾತ, ಈಗ ನಿಮ್ಮ ಕೈ ನೋಡ್ಕೊಳ್ಳಿ’ ಎಂದ. ನೋಡಿದರೆ ಸುಕ್ಕುಗಟ್ಟಿದ ನನ್ನ ಕೈಗಳ ಜಾಗದಲ್ಲಿ ಯಾರದೋ ನುಣುಪಾದ ಕೈಗಳಿದ್ದವು. ನಾನು ಬೆರಳು ಮಡಿಸಿದರೆ ಅವೂ ಮಡಿಸುತ್ತಿದ್ದವು. ಎರಡು ನಿಮಿಷ ಕಳೆಯುವಷ್ಟರಲ್ಲಿ ಅವು ನನ್ನವಲ್ಲ ಎಂಬ ಭಾವನೆಯೇ ಮಾಯವಾಯಿತು. ಎದುರಿನಿಂದ ಚೆಂಡೊಂದು ತೂರಿ ಬಂದಾಗ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡೆ. ಮನೆಮಂದಿಯೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಇಷ್ಟು ಸುಲಭವಾಗಿ ಮೋಸಹೋಗುವ ಈ ‘ನಾನು’ ಎಂಬುದಾದರೂ ಏನು ಎಂಬ ಪ್ರಶ್ನೆ ಹಲವು ದಿನ ಕಾಡಿತು. ಓದುತ್ತ ಹೋದಂತೆ ಈ ವಿಷಯವನ್ನು ಮನಃಶಾಸ್ತ್ರಜ್ಞರು ಕಾಲು ಶತಮಾನಕ್ಕೂ ಹೆಚ್ಚು ಕಾಲದಿಂದ ಶೋಧಿಸುತ್ತಿರುವುದು ತಿಳಿಯಿತು.

1998ರಲ್ಲಿ ಮ್ಯಾಥ್ಯೂ ಬೋಟ್ವಿನಿಕ್ ಮತ್ತು ಜೊನಾಥನ್ ಕೋಹೆನ್ ‘ನೇಚರ್’ ಪತ್ರಿಕೆಯಲ್ಲಿ ಸರಳವಾದ ಪ್ರಯೋಗವೊಂದನ್ನು ಪ್ರಕಟಿಸಿದರು. ಪ್ರಯೋಗಕ್ಕೆ ಕುಳಿತವರ ಒಂದು ಕೈಯನ್ನು ಮರೆಯಲ್ಲಿಟ್ಟು, ಕಣ್ಣೆದುರು ರಬ್ಬರಿನ ಕೈಯೊಂದನ್ನು ಇರಿಸಲಾಯಿತು. ಎರಡನ್ನೂ ಏಕಕಾಲಕ್ಕೆ ಕುಂಚದಿಂದ ಸವರಿದಾಗ ಅನೇಕರಿಗೆ ರಬ್ಬರಿನ ಕೈಯೇ ತಮ್ಮದೆನಿಸತೊಡಗಿತು. ಕಣ್ಣು ಕಂಡದ್ದೂ ಚರ್ಮ ಅನುಭವಿಸಿದ್ದೂ ಹೊಂದಿಕೊಂಡರೆ ಮಿದುಳು ಸಾಕ್ಷ್ಯವನ್ನು ಒಪ್ಪಿ ತೀರ್ಪು ನೀಡಿಬಿಡುತ್ತದೆ. ಒಂದು ಕೈಗೆ ನಿಜವಾದದ್ದು ಇಡೀ ದೇಹಕ್ಕೂ ನಿಜವೇ? ವರ್ಚುವಲ್ ರಿಯಾಲಿಟಿ ಎಂಬ ಮಿಥ್ಯಾವಾಸ್ತವದ ತಂತ್ರಜ್ಞಾನ ಈ ಪ್ರಶ್ನೆಯನ್ನು ಪರೀಕ್ಷಿಸುವ ಅವಕಾಶವನ್ನು ಒದಗಿಸಿತು. ಬಾರ್ಸಿಲೋನಾದ ಮೆಲ್ ಸ್ಲೇಟರ್ ಮತ್ತು ಸಂಗಡಿಗರು 2010ರಲ್ಲಿ ವಯಸ್ಕ ಗಂಡಸರನ್ನು ಪುಟ್ಟ ಹುಡುಗಿಯೊಬ್ಬಳ ಮಿಥ್ಯಾದೇಹದಲ್ಲಿ ಕೂರಿಸಿದರು. ಅವಳ ಕಣ್ಣುಗಳಿಂದಲೇ ಜಗತ್ತನ್ನು ನೋಡುತ್ತಿದ್ದಾಗ ಅವಳ ಕೆನ್ನೆಗೆ ಏಟು ಬಿದ್ದರೆ, ಇವರ ಹೃದಯ ಬಡಿತದಲ್ಲಿ ವ್ಯತ್ಯಾಸ ದಾಖಲಾಯಿತು. 2013ರ ಇನ್ನೊಂದು ಪ್ರಯೋಗದಲ್ಲಿ ನಾಲ್ಕು ವರ್ಷದ ಮಗುವಿನ ದೇಹ ತೊಟ್ಟ ವಯಸ್ಕರಿಗೆ ಸುತ್ತಲಿನ ವಸ್ತುಗಳು ಇರುವುದಕ್ಕಿಂತ ದೊಡ್ಡದಾಗಿ ಕಂಡವು. ಅಷ್ಟೇ ಎತ್ತರಕ್ಕೆ ಕುಗ್ಗಿಸಿದ ವಯಸ್ಕ ದೇಹ ತೊಟ್ಟವರಿಗೆ ಅವು ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಅಂದರೆ ಕೆಲಸ ಮಾಡಿದ್ದು ಕೇವಲ ಎತ್ತರವಲ್ಲ, ‘ನಾನು ಮಗು’ ಎಂಬ ಭಾವ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೊಂದು ಪ್ರಯೋಗ. ಇಬ್ಬರ ಮುಂದೆ ಒಂದಿಷ್ಟು ಹಣವಿದೆ. ಅದನ್ನು ಹೇಗೆ ಹಂಚಬೇಕೆಂದು ಒಬ್ಬ ಸೂಚಿಸುತ್ತಾನೆ. ಇನ್ನೊಬ್ಬ ಒಪ್ಪಿದರೆ ಇಬ್ಬರಿಗೂ ಪಾಲು, ತಿರಸ್ಕರಿಸಿದರೆ ಯಾರಿಗೂ ಇಲ್ಲ. ‘ಅಲ್ಟಿಮೇಟಮ್ ಆಟ’ ಎಂದು ಹೆಸರಾದ ಇದನ್ನು ವೆರ್ನರ್ ಗ್ಯೂತ್ ಮತ್ತು ಅವರ ಜರ್ಮನ್ ಸಹೋದ್ಯೋಗಿಗಳು 1982ರಲ್ಲಿ ಪರೀಕ್ಷೆಗೊಡ್ಡಿದ್ದರು. ಪಠ್ಯಪುಸ್ತಕದ ವಿವೇಕಿ ಮನುಷ್ಯ ಸಿಕ್ಕಷ್ಟನ್ನು ಒಪ್ಪಿಕೊಳ್ಳಬೇಕು. ನಿಜವಾದ ಮನುಷ್ಯರು ಮಾತ್ರ ಅನ್ಯಾಯವೆನಿಸಿದ ಪಾಲನ್ನು, ತಮಗೆ ನಷ್ಟವಾದರೂ ಸರಿ, ತಿರಸ್ಕರಿಸುತ್ತಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕ್ ಯೀ ಮತ್ತು ಜೆರೆಮಿ ಬೇಲೆನ್ಸನ್ ಇದೇ ಆಟವನ್ನು ಮಿಥ್ಯಾವಾಸ್ತವದಲ್ಲಿ ಆಡಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಾರಿಗೆ ಎತ್ತರದ ದೇಹ, ಯಾರಿಗೆ ಕುಳ್ಳ ದೇಹ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗಿತ್ತು. ಎತ್ತರದ ದೇಹ ಪಡೆದವರು ತಮಗೇ ಹೆಚ್ಚು ಪಾಲು ಕೇಳಿದರು. ಕುಳ್ಳ ದೇಹ ಪಡೆದವರು ಅನ್ಯಾಯದ ಹಂಚಿಕೆಯನ್ನು ಎತ್ತರದವರಿಗಿಂತ ಸುಮಾರು ಎರಡು ಪಟ್ಟು ಪ್ರಮಾಣದಲ್ಲಿ ಒಪ್ಪಿಕೊಂಡರು. ಕೆಲವೇ ನಿಮಿಷಗಳ ಸುಳ್ಳು ಎತ್ತರ ಒಬ್ಬರ ಹಕ್ಕಿನ ಅರಿವನ್ನೇ ಹಿಗ್ಗಿಸಿತ್ತು, ಇನ್ನೊಬ್ಬರದನ್ನು ಕುಗ್ಗಿಸಿತ್ತು.

ಇದನ್ನು ಓದಿದಾಗ ತೊಂಬತ್ತರ ದಶಕದ ಒಂದು ಮಧ್ಯಾಹ್ನ ಕಣ್ಮುಂದೆ ಬಂತು. ಆಗ ನಾನು ಹಳೆ ಮೈಸೂರು ಭಾಗದಲ್ಲಿ ಭೂಸ್ವಾಧೀನಾಧಿಕಾರಿಯಾಗಿದ್ದೆ. ಅಂದು ಜಾರಿಯಲ್ಲಿದ್ದ 1894ರ ಕಾಯ್ದೆಯಡಿ ರೈತರೊಡನೆ ಮಾತಾಡಿ, ಅವರ ಸಮ್ಮತಿಯ ಮೇರೆಗೆ ಪರಿಹಾರ ನಿಗದಿ ಮಾಡುವ ಅವಕಾಶವಿತ್ತು. ಒಪ್ಪಿದರೆ ಬೇಗ ಹಣ, ಒಪ್ಪದಿದ್ದರೆ ವರ್ಷಗಟ್ಟಲೆ ನ್ಯಾಯಾಲಯದ ಅಲೆದಾಟ. ನನ್ನ ಕುರ್ಚಿ ಎತ್ತರದ ವೇದಿಕೆಯ ಮೇಲಿತ್ತು. ರೈತರು ಕೆಳಗೆ ಟವೆಲು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದರು. ನಾನು ಎಕರೆಗೆ ಇಷ್ಟು ಎಂದೆ. ಹಿರಿಯರೊಬ್ಬರು ಕ್ಷಣಕಾಲ ನೆಲ ನೋಡಿ, ‘ನೀವ್ ಹೇಳ್ದಂಗೇ ಆಗ್ಲಿ ಬುದ್ಧಿ’ ಎಂದರು. ಉಳಿದವರೂ ತಲೆಯಾಡಿಸಿದರು. ‘ಪರಸ್ಪರ ಸಮ್ಮತಿ’ ಎಂದು ಕಡತದಲ್ಲಿ ಬರೆದು ಸಹಿ ಮಾಡಿದೆ. ನಿಯಮದ ಪ್ರಕಾರ ಅದರಲ್ಲಿ ಲೋಪವೇನೂ ಇರಲಿಲ್ಲ. ಆ ಒಪ್ಪಿಗೆಯಲ್ಲಿ ದರದ ಪಾಲೆಷ್ಟು, ವೇದಿಕೆಯ ಪಾಲೆಷ್ಟು ಎಂದು ನಾನು ಆಗ ಕೇಳಿಕೊಳ್ಳಲಿಲ್ಲ.

ಇಂಥ ಸಂಶೋಧನೆಗಳಿಂದ ಒಳಿತಿನ ದಾರಿಯೂ ತೆರೆದಿದೆ. ಭವಿಷ್ಯವನ್ನು ಕಾಣುವ ನಮ್ಮ ದೂರದರ್ಶಕವೇ ದೋಷಪೂರಿತ, ಆದ್ದರಿಂದಲೇ ಮನುಷ್ಯ ನಾಳೆಗೆಂದು ಸಾಕಷ್ಟು ಉಳಿಸುವುದಿಲ್ಲ ಎಂಬ ಅರ್ಥದ ಮಾತನ್ನು ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲಿ ಹೇಳಿದ್ದರು. ಹಾಲ್ ಹರ್ಶ್‌ಫೀಲ್ಡ್ ಮತ್ತು ಸಂಗಡಿಗರು 2011ರಲ್ಲಿ ಆ ದೂರದರ್ಶಕವನ್ನು ದುರಸ್ತಿ ಮಾಡಲು ಯತ್ನಿಸಿದರು. ಮಿಥ್ಯಾ ಕನ್ನಡಿಯಲ್ಲಿ ತಮ್ಮದೇ ವೃದ್ಧಾಪ್ಯದ ಮುಖ ಕಂಡ ಯುವಜನರು, ಕಾಲ್ಪನಿಕವಾದ 1000 ಡಾಲರಿನಲ್ಲಿ ನಿವೃತ್ತಿಗೆಂದು ತೆಗೆದಿಟ್ಟ ಮೊತ್ತ ಉಳಿದವರು ಇಟ್ಟದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚಿತ್ತು. 2018ರಲ್ಲಿ ಬಾರ್ಸಿಲೋನಾದ ತಂಡವೊಂದು, ಹೆಂಗಸರ ಮೇಲೆ ಕೌಟುಂಬಿಕ ದೌರ್ಜನ್ಯ ಎಸಗಿದ ಗಂಡಸರನ್ನು ನಿಂದನೆಗೆ ಒಳಗಾಗುವ ಹೆಣ್ಣಿನ ದೇಹದಲ್ಲಿ ನಿಲ್ಲಿಸಿತು. ಇವರು ಮೊದಲು ಭಯಗೊಂಡ ಹೆಣ್ಣಿನ ಮುಖವನ್ನು ಸರಿಯಾಗಿ ಗುರುತಿಸಲಾರದವರಾಗಿದ್ದರು, ಭಯವನ್ನು ಸಂತೋಷವೆಂದೇ ಭಾವಿಸುವುದಿತ್ತು. ಅನುಭವದ ತರುವಾಯ ಆ ಗುರುತಿಸುವಿಕೆ ಸುಧಾರಿಸಿತು.

ಆದರೆ ಇದನ್ನು ಮದ್ದೆಂದು ಕೊಂಡಾಡುವ ಮುನ್ನ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಕಪ್ಪು ವರ್ಣದ ದೇಹ ತೊಟ್ಟ ಬಿಳಿಯರಲ್ಲಿ ಸುಪ್ತ ವರ್ಣಪೂರ್ವಗ್ರಹ ಕಡಿಮೆಯಾಯಿತೆಂದು 2013ರಲ್ಲಿ ಟಬಿತಾ ಪೆಕ್ ಮತ್ತಿತರರು ವರದಿ ಮಾಡಿದರು. ಅದಕ್ಕೂ ಮೊದಲು 2009ರಲ್ಲಿ ಸ್ಟ್ಯಾನ್‌ಫರ್ಡ್‌ನ ಅಧ್ಯಯನವೊಂದು ಉದ್ಯೋಗ ಸಂದರ್ಶನದ ಸನ್ನಿವೇಶದಲ್ಲಿ ಪೂರ್ವಗ್ರಹ ಹೆಚ್ಚಿದ್ದನ್ನು ಕಂಡಿತ್ತು. ಈ ವೈರುಧ್ಯಕ್ಕೆ 2020ರಲ್ಲಿ ಬಾರ್ಸಿಲೋನಾದ ಸಂಶೋಧಕರು ಸಮಾಧಾನವೊಂದನ್ನು ನೀಡಿದರು. ಸುತ್ತಲಿನವರ ವರ್ತನೆ ಸಹನೀಯವಾಗಿದ್ದರೆ ಪೂರ್ವಗ್ರಹ ಇಳಿಯುತ್ತದೆ, ಕಹಿಯಾಗಿದ್ದರೆ ಏರಬಹುದು. ಪರರ ಚರ್ಮ ತೊಟ್ಟ ಮಾತ್ರಕ್ಕೆ ಪರರ ನೋವು ಅರ್ಥವಾಗುವುದಿಲ್ಲ, ಆ ಚರ್ಮದೊಂದಿಗೆ ಜಗತ್ತು ಹೇಗೆ ನಡೆದುಕೊಳ್ಳುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಇಂಥ ಪ್ರಯೋಗಗಳಲ್ಲಿ ಅನೇಕವು ಹತ್ತಾರು ಜನರ ಮೇಲೆ, ಕೆಲವೇ ನಿಮಿಷಗಳ ಕಾಲ ನಡೆದವು ಎಂಬುದನ್ನೂ ಮರೆಯಬಾರದು. ಪರಿಣಾಮ ಎಷ್ಟು ದಿನ ಉಳಿದೀತು, ನಡವಳಿಕೆಯಲ್ಲಿ ಕಂಡೀತೇ ಎಂಬ ಪ್ರಶ್ನೆಗಳು ಇನ್ನೂ ತೆರೆದೇ ಇವೆ. ಕೆಲವೇ ನಿಮಿಷಗಳಲ್ಲಿ ಮನಸ್ಸನ್ನು ಒಳಿತಿನತ್ತ ವಾಲಿಸಬಲ್ಲ ಸಾಧನ ಕೆಡುಕಿನತ್ತಲೂ ವಾಲಿಸಬಲ್ಲುದು. ಜರ್ಮನಿಯ ಮೈಂಜ್‌ನ ತತ್ತ್ವಜ್ಞರಾದ ಮೈಕೆಲ್ ಮ್ಯಾಡರಿ ಮತ್ತು ಥಾಮಸ್ ಮೆಟ್ಜಿಂಗರ್ 2016ರಲ್ಲಿಯೇ ಇದಕ್ಕೊಂದು ನೀತಿಸಂಹಿತೆಯನ್ನು ಸೂಚಿಸಿದ್ದು ಈ ಕಾರಣಕ್ಕಾಗಿ. ಕಣ್ಣಿಗೆ ಕಟ್ಟುವ ಸಾಧನಗಳು ಈಗ ಪ್ರಯೋಗಾಲಯ ಬಿಟ್ಟು ಅಂಗಡಿಗೆ ಬಂದಿವೆ. ಗ್ರಾಹಕನನ್ನು ಕುಳ್ಳನನ್ನಾಗಿಸಿ ವ್ಯಾಪಾರಿ ಎತ್ತರಕ್ಕೆ ನಿಂತರೆ ಚೌಕಾಸಿಯ ಗತಿ ಏನಾದೀತೆಂದು ಯೋಚಿಸಬೇಕಾದವರು ಕಾನೂನು ಮಾಡುವವರು.

ನಮ್ಮಲ್ಲಿ ಪರಕಾಯ ಪ್ರವೇಶದ ಕಲ್ಪನೆ ಹೊಸದೇನಲ್ಲ. ಶಂಕರರು ಅಮರುಕ ರಾಜನ ದೇಹವನ್ನು ಹೊಕ್ಕ ಐತಿಹ್ಯ ಬಹುಮಂದಿಗೆ ಗೊತ್ತು. ಅದರಲ್ಲಿ ನನಗೆ ಮುಖ್ಯವೆನಿಸುವುದು, ರಾಜದೇಹದಲ್ಲಿ ಉಳಿದ ಯತಿಗೆ ತಾನು ಯಾರೆಂಬುದೇ ಮರೆಯತೊಡಗಿತು, ಶಿಷ್ಯರು ಬಂದು ನೆನಪಿಸಬೇಕಾಯಿತು ಎಂಬ ಭಾಗ. ಅಧಿಕಾರದ ಕುರ್ಚಿಯೂ ಅಂಥದೊಂದು ದೇಹವೇ. ಅದರಲ್ಲಿ ಮೂವತ್ತು ಚಿಲ್ಲರೆ ವರ್ಷ ಕಳೆದ ನನಗೆ ನೆನಪಿಸಿದ್ದು ಯಾವ ಯಂತ್ರವೂ ಅಲ್ಲ. ನಿವೃತ್ತಿಯ ಮೊದಲ ನವೆಂಬರಿನಲ್ಲಿ, ಬದುಕಿದ್ದೇನೆಂಬ ಪ್ರಮಾಣಪತ್ರ ಕೊಡಲು ಬ್ಯಾಂಕೊಂದರ ಸರತಿಯಲ್ಲಿ ನಿಂತಿದ್ದೆ. ಒಂದೂವರೆ ಗಂಟೆಯ ನಂತರ ಗಾಜಿನ ಆಚೆ ಕುಳಿತಿದ್ದ, ನನ್ನ ಮಗನ ವಯಸ್ಸಿನ ಗುಮಾಸ್ತ ತಲೆಯೆತ್ತದೆ, ‘ಮುಂದಿನ ವಾರ ಬನ್ನಿ’ ಎಂದ. ಅಂದೇ ಸ್ವೀಕರಿಸಬೇಕಾದ ಕಾಗದವದು, ನಿಯಮ ನನಗೆ ಗೊತ್ತಿತ್ತು. ಆದರೂ ನನ್ನ ಬಾಯಿಂದ ಬಂದ ಮಾತು, ‘ಆಗಲಿ ಸಾರ್’. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ ಆ ಹಿರಿಯ ರೈತರ ದನಿ ಕಿವಿಯಲ್ಲಿತ್ತು.

ಅಧಿಕಾರಿಗಳ ತರಬೇತಿಗೆ ಈ ತಂತ್ರಜ್ಞಾನವನ್ನು ತರಬೇಕೆಂದು ನಾಳೆ ಯಾರಾದರೂ ಪ್ರಸ್ತಾವ ಸಲ್ಲಿಸಿದರೆ ನಾನು ವಿರೋಧಿಸಲಾರೆ. ಅರ್ಜಿದಾರನ ದೇಹದಲ್ಲಿ ಹತ್ತು ನಿಮಿಷ ನಿಂತು ಬಂದವನು ಹತ್ತು ದಿನವಾದರೂ ಮೆತ್ತಗೆ ಮಾತಾಡಿದರೆ ಅದೂ ಲಾಭವೇ. ಆದರೆ ಖರ್ಚು ವೆಚ್ಚದ ಲೆಕ್ಕ ಹಾಕುವುದನ್ನು ಕಲಿತವನಾಗಿ ಇನ್ನೊಂದು ಸಲಹೆಯನ್ನು ಮುಂದಿಡುತ್ತೇನೆ. ಅದಕ್ಕೂ ಮೊದಲು ನಮ್ಮ ಕಚೇರಿಗಳಲ್ಲಿನ ವೇದಿಕೆಗಳನ್ನು ತೆಗೆಸಿ, ಅಧಿಕಾರಿಯ ಮೇಜಿನೆದುರು ಅರ್ಜಿದಾರನಿಗೂ ಅದೇ ಎತ್ತರದ ಒಂದು ಕುರ್ಚಿ ಹಾಕಿಸಿ. ಅದರಲ್ಲಿ ಕುಳಿತು ಆತ ಹೇಳುವ ‘ಆಗಲಿ’ಗೆ ಬೇರೆಯೇ ಬೆಲೆ ಇದ್ದೀತು.